ಬಿಸಿಲು ಅಳೆಯುವವರ ಪೇಪರ್ ಪಟ್ಟಿಯನ್ನು ಓದುವುದು ಹೇಗೆ

ಸೌರಶಕ್ತಿ, ವಾತಾವರಣ ವಿಜ್ಞಾನ ಎರಡರಲ್ಲೂ ಕೆಲಸ ಮಾಡಿದ ಒಬ್ಬ ಸಂಶೋಧಕರ ಪ್ರಕಟಣೆಗಳ ಪಟ್ಟಿ ನಿಮ್ಮ ಮುಂದೆ ಇದೆ ಅಂದುಕೊಳ್ಳಿ. ನೂರೈವತ್ತು ಸಾಲು. ಕೆಲವು ಜರ್ನಲ್ ಪೇಪರ್, ಕೆಲವು ವರದಿ, ಇನ್ನು ಕೆಲವು ಏನು ಅಂತಲೇ ಗೊತ್ತಾಗದ ಸಾಲುಗಳು. ನೀವು ಪಿಎಚ್‌ಡಿಗೆ ಗೈಡ್ ಹುಡುಕುತ್ತಿರಬಹುದು. ಒಂದು ಸೌರ ವಿದ್ಯುತ್ ಯೋಜನೆಗೆ ಬಿಸಿಲಿನ ಲೆಕ್ಕ ಕೊಟ್ಟವರನ್ನು ನಂಬಬಹುದಾ ಅಂತ ನೋಡಬೇಕಾಗಿರಬಹುದು. ಆಯ್ಕೆ ಸಮಿತಿಯಲ್ಲಿ ಕೂತಿರಲೂಬಹುದು. ಸಾಮಾನ್ಯವಾಗಿ ಎಲ್ಲರೂ ಮಾಡುವುದು ಒಂದೇ: ಎಚ್-ಇಂಡೆಕ್ಸ್ (ಬೇರೆಯವರು ತಮ್ಮ ಪೇಪರ್‌ಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಅನ್ನುವುದರಿಂದ ತೆಗೆಯುವ ಅಂಕ) ಎಷ್ಟು ನೋಡು, ಪೇಪರ್ ಎಷ್ಟು ಎಣಿಸು, ಮುಗೀತು.

ಹಾಗೆ ಮಾಡಬೇಡಿ. ಈ ಕ್ಷೇತ್ರದಲ್ಲಂತೂ ಮಾಡಲೇಬೇಡಿ. ಬೇರೆಯವರು ದಿನಾ ಬಳಸುವಂಥ ಕೆಲಸ ಇಲ್ಲಿ ಎಷ್ಟೋ ಸಲ ಎಣಿಕೆಗೇ ಸಿಗುವುದಿಲ್ಲ. ಒಬ್ಬರು ಹತ್ತು ವರ್ಷ ಬಿಡದೆ ಒಂದು ಮಾಪನ ಕೇಂದ್ರ ನಡೆಸುತ್ತಾರೆ, ಬೆಳಗ್ಗೆ ಎದ್ದು ಸೆನ್ಸರ್‌ನ ಗಾಜು ಒರೆಸುತ್ತಾರೆ, ಕೆಟ್ಟ ಡೇಟಾ ತೆಗೆದುಹಾಕಿ ಒಳ್ಳೆಯದನ್ನು ಎಲ್ಲರಿಗೂ ಬಿಟ್ಟುಕೊಡುತ್ತಾರೆ. ಪಟ್ಟಿಯಲ್ಲಿ ಅದು ಒಂದು ಸಾಲು. ಆ ಡೇಟಾ ಇಳಿಸಿಕೊಂಡು ಐದು ಪೇಪರ್ ಬರೆದವರದ್ದು ಐದು ಸಾಲು. ಅದಕ್ಕೇ ಪಟ್ಟಿ ಓದುವಾಗ ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಇವರ ಯಾವ ಕೆಲಸವನ್ನು ನೆಚ್ಚಿಕೊಂಡು ಬೇರೆಯವರು ಕೆಲಸ ಮಾಡುತ್ತಿದ್ದಾರೆ? ಉತ್ತರ ಹುಡುಕಲು ಅರ್ಧ ದಿನ ಬೇಕು. ಒಂದು ಖಾಲಿ ಎಕ್ಸೆಲ್ ಶೀಟ್ ತೆರೆದಿಡಿ.

ಮೊದಲು ಪಟ್ಟಿ ಸರಿಯಿದೆಯಾ ನೋಡಿ

ಒಬ್ಬರದ್ದೇ ಪಟ್ಟಿ ನಾಲ್ಕು ಕಡೆ ನಾಲ್ಕು ಥರ ಇರುತ್ತದೆ. ಗೂಗಲ್ ಸ್ಕಾಲರ್ ಜಾಸ್ತಿ ತೋರಿಸುತ್ತದೆ, ಯಾಕೆಂದರೆ ಅದು ವರದಿ, ಪ್ರಬಂಧ, ಕಾನ್ಫರೆನ್ಸ್ ಸಾರಾಂಶ ಎಲ್ಲವನ್ನೂ ಬಾಚಿಕೊಳ್ಳುತ್ತದೆ. ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್ ಅನ್ನುವ ಸೂಚಿಗಳು ತಾವು ಆರಿಸಿಕೊಂಡ ಜರ್ನಲ್‌ಗಳನ್ನೇ ಮುಖ್ಯವಾಗಿ ಎಣಿಸುತ್ತವೆ, ಹಾಗಾಗಿ ಅಲ್ಲಿ ಸಂಖ್ಯೆ ಕಡಿಮೆ. ಒಂದರಲ್ಲಿ 4000 ಉಲ್ಲೇಖ, ಇನ್ನೊಂದರಲ್ಲಿ 2600 ಅಂತ ಕಂಡರೆ ಯಾರೋ ಸುಳ್ಳು ಹೇಳಿದ್ದಾರೆ ಅಂತ ಅಲ್ಲ. ಬುಟ್ಟಿಗಳೇ ಬೇರೆ. ಇಬ್ಬರನ್ನು ಹೋಲಿಸುವಾಗ ಮಾತ್ರ ಇಬ್ಬರದ್ದೂ ಒಂದೇ ಕಡೆಯಿಂದ ತೆಗೆದುಕೊಳ್ಳಿ.

ಆರ್ಕಿಡ್ (ORCID) ಸಂಖ್ಯೆ ಇದ್ದರೆ ಅಲ್ಲಿಂದ ಶುರು ಮಾಡಿ. ಅದು 2012ರಲ್ಲಿ ಬಂದದ್ದು, ನಾಲ್ಕು ನಾಲ್ಕರಂತೆ 16 ಅಂಕಿ, ಒಬ್ಬ ಸಂಶೋಧಕರಿಗೆ ಒಂದು. ಆದರೆ ಅದನ್ನು ಭರ್ತಿ ಮಾಡುವುದು ಅವರವರ ಕೆಲಸ. ತುಂಬಾ ಹಿರಿಯರು ಎಷ್ಟೋ ಸಲ ಅದನ್ನು ಅರ್ಧಕ್ಕೇ ಬಿಟ್ಟಿರುತ್ತಾರೆ. ಹಾಗಾಗಿ ಅವರ ಸ್ವಂತ ಪಟ್ಟಿಯನ್ನೂ ಪಕ್ಕದಲ್ಲಿಟ್ಟುಕೊಂಡು ತಾಳೆ ನೋಡಿ.

ಹೆಸರಿನ ಗೊಂದಲ ಇಲ್ಲಿ ದೊಡ್ಡ ವಿಷಯ. ಈ ಕ್ಷೇತ್ರದ್ದೇ ಉದಾಹರಣೆ ಕೊಡುತ್ತೇನೆ. ಆಂಗ್‌ಸ್ಟ್ರೋಮ್ ಅನ್ನುವ ಹೆಸರು ಮೂರು ತಲೆಮಾರು ಬರುತ್ತದೆ. ಅಜ್ಜ ಆಂಡರ್ಸ್ ಯೋನಾಸ್, ಬೆಳಕಿನ ಸ್ಪೆಕ್ಟ್ರಂ ಮೇಲೆ ಕೆಲಸ ಮಾಡಿದವರು, ಅಳತೆಯ ಘಟಕಕ್ಕೆ ಅವರದೇ ಹೆಸರು. ಮಗ ಕ್ನುಟ್, ಸೂರ್ಯನ ಶಾಖ ಅಳೆಯುವ ಪೈರ್‌ಹೀಲಿಯೋಮೀಟರ್ ಮಾಡಿದವರು. ಮೊಮ್ಮಗ ಮತ್ತೆ ಆಂಡರ್ಸ್. ದಿನಕ್ಕೆ ಎಷ್ಟು ಗಂಟೆ ಬಿಸಿಲಿತ್ತು ಅನ್ನುವುದರಿಂದ ಒಟ್ಟು ಸೌರ ವಿಕಿರಣ ಅಂದಾಜು ಮಾಡುವ 1924ರ ಸೂತ್ರ ಇವರದ್ದು, ಗಾಳಿಯಲ್ಲಿರುವ ಕಣಗಳ ಗಾತ್ರದ ಸುಳಿವು ಕೊಡುವ ಘಾತಾಂಕವೂ ಇವರದ್ದೇ. ಮೂವರೂ ಬೆಳಕನ್ನೇ ಹಿಡಿದು ಕೂತವರು, ಇಬ್ಬರಿಗೆ ಒಂದೇ ಹೆಸರು. ಕಂಪ್ಯೂಟರ್ ಇವರನ್ನು ಬೇರ್ಪಡಿಸುತ್ತದೆ ಅಂತ ನಂಬಿ ಕೂರಬೇಡಿ. ಇನಿಶಿಯಲ್ ಒಂದೇ ಆಗಿರುವ ಇಂದಿನ ಹೆಸರುಗಳಲ್ಲಂತೂ ಇದು ಇನ್ನೂ ಜಾಸ್ತಿ. ನಾನೊಮ್ಮೆ ಒಬ್ಬರ ಪಟ್ಟಿಯಲ್ಲಿ ಸೌರಕೋಶದ ರಾಸಾಯನಿಕಗಳ ಬಗ್ಗೆ ಹದಿನೈದು ಪೇಪರ್ ನೋಡಿ, ಪರವಾಗಿಲ್ಲ, ಇವರ ಹರವು ದೊಡ್ಡದು ಅಂತ ಬರೆದುಕೊಂಡಿದ್ದೆ. ಅವು ಅದೇ ಹೆಸರಿನ ಇನ್ನೊಬ್ಬರದ್ದು. ಅಂದಿನಿಂದ ಸಹಲೇಖಕರ ಹೆಸರು ನೋಡದೆ ಮುಂದೆ ಹೋಗುವುದಿಲ್ಲ. ಒಂದು ಪೇಪರ್‌ನ ಸಹಲೇಖಕರು ಬೇರೆ ಯಾವ ಪೇಪರ್‌ನಲ್ಲೂ ಕಾಣಿಸದೇ ಇದ್ದರೆ, ಸಂಸ್ಥೆಯೂ ಬೇರೆ ಇದ್ದರೆ, ಆ ಸಾಲಿಗೆ ಒಂದು ಗುರುತು ಹಾಕಿ, ಪೇಪರ್ ತೆರೆದು ನೋಡಿ.

ಡಿಒಐ, ಅಂದರೆ ಪ್ರಕಟಣೆಯ ಕಾಯಂ ಗುರುತಿನ ಸಂಖ್ಯೆ, ಇರುವ ಸಾಲುಗಳನ್ನು ಅದರಿಂದಲೇ ತೆರೆಯಿರಿ. 10ರಿಂದ ಶುರುವಾಗುವ ಆ ಉದ್ದ ಸಂಖ್ಯೆ ಸಿಕ್ಕರೆ ಶೀರ್ಷಿಕೆ, ವರ್ಷ, ಜರ್ನಲ್ ಎಲ್ಲ ಒಂದೇ ಏಟಿಗೆ ಖಚಿತವಾಗುತ್ತದೆ. ಹಳೆಯ ವರದಿಗಳಿಗೆ ಡಿಒಐ ಇರದೇ ಇರಬಹುದು. ಅದು ತಪ್ಪೂ ಅಲ್ಲ, ಅನುಮಾನಪಡುವ ವಿಷಯವೂ ಅಲ್ಲ.

ಗುಡ್ಡೆ ಮಾಡಿ

ಈಗ ಪ್ರತಿ ಸಾಲಿನ ಮುಂದೆ ಅದು ಯಾವ ಬಗೆಯದ್ದು ಅಂತ ಬರೆಯಿರಿ. ಜರ್ನಲ್ ಪೇಪರ್, ಕಾನ್ಫರೆನ್ಸ್ ಪೇಪರ್, ಬರೀ ಸಾರಾಂಶ, ತಾಂತ್ರಿಕ ವರದಿ, ಪುಸ್ತಕದ ಅಧ್ಯಾಯ, ಡೇಟಾ, ಸಾಫ್ಟ್‌ವೇರ್, ತಿದ್ದುಪಡಿ. ಸ್ವಲ್ಪ ಬೇಸರದ ಕೆಲಸ. ಆದರೆ ಮುಂದಿನದ್ದೆಲ್ಲ ಇದರ ಮೇಲೇ ನಿಂತಿದೆ.

ಸಾರಾಂಶಗಳನ್ನು ಮೊದಲು ಬೇರೆ ಮಾಡಿ. ಭೂವಿಜ್ಞಾನದ ದೊಡ್ಡ ಸಮ್ಮೇಳನಗಳಿಗೆ, ಎಜಿಯು, ಇಜಿಯು ಥರದವಕ್ಕೆ, ಒಂದು ಪುಟದ ಸಾರಾಂಶ ಕಳಿಸಿದರೆ ಸಾಕು, ಅದಕ್ಕೂ ಒಂದು ದಾಖಲೆ ಹುಟ್ಟುತ್ತದೆ. ಅದು ಭಾಷಣದ ಗುರುತು, ಪೇಪರ್ ಅಲ್ಲ. ಸೌರಕೋಶದವರ ಸಮ್ಮೇಳನಗಳಲ್ಲಿ ಮಾತ್ರ ಪೂರ್ಣ ಪೇಪರ್‌ಗಳೂ ಬರುತ್ತವೆ. ಹಾಗಾಗಿ ‘ಕಾನ್ಫರೆನ್ಸ್’ ಅಂತ ಕಂಡ ತಕ್ಷಣ ಪಕ್ಕಕ್ಕೆ ತಳ್ಳಬೇಡಿ, ಎಷ್ಟು ಪುಟ ಇದೆ ನೋಡಿ.

ಒಂದೇ ಪೇಪರ್ ಎರಡು ಸಲ ಕಾಣಿಸುವುದು ವಾತಾವರಣ ವಿಜ್ಞಾನದಲ್ಲಿ ಮಾಮೂಲು. ‘ಅಟ್ಮಾಸ್ಫೆರಿಕ್ ಕೆಮಿಸ್ಟ್ರಿ ಅಂಡ್ ಫಿಸಿಕ್ಸ್’ ಅನ್ನುವ ಜರ್ನಲ್ 2001ರಲ್ಲಿ ಶುರುವಾದಾಗಿನಿಂದಲೂ ಹಸ್ತಪ್ರತಿಯನ್ನು ಮೊದಲು ಎಲ್ಲರ ಮುಂದೆ ಚರ್ಚೆಗೆ ಇಡುತ್ತದೆ, ವಿಮರ್ಶಕರ ಟೀಕೆ ಮತ್ತು ಲೇಖಕರ ಉತ್ತರ ಅಲ್ಲೇ ಬರುತ್ತವೆ, ತಿದ್ದಿದ ಪೇಪರ್ ಆಮೇಲೆ ಬರುತ್ತದೆ. ಚರ್ಚೆಯದ್ದಕ್ಕೆ ಒಂದು ಡಿಒಐ, ಕೊನೆಯದ್ದಕ್ಕೆ ಇನ್ನೊಂದು. ಎಣಿಸುವಾಗ ಒಂದೇ ಅಂತ ಎಣಿಸಿ. ಆದರೆ ಆ ಚರ್ಚೆಯ ಪುಟವನ್ನು ದಯವಿಟ್ಟು ಓದಿ. ಒಬ್ಬ ಸಂಶೋಧಕ ಕಟುವಾದ ಪ್ರಶ್ನೆಗೆ ಹೇಗೆ ಉತ್ತರಿಸುತ್ತಾರೆ, ತಪ್ಪಿದ್ದರೆ ಒಪ್ಪಿಕೊಳ್ಳುತ್ತಾರಾ, ಹೊಸದಾಗಿ ಲೆಕ್ಕ ಮಾಡಿ ತೋರಿಸುತ್ತಾರಾ ಅಂತ ನೋಡಲು ಇಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಗೈಡ್ ಹುಡುಕುವವರಿಗಂತೂ ಇದು ಹತ್ತು ಶಿಫಾರಸು ಪತ್ರಕ್ಕಿಂತ ಮೇಲು.

ಇನ್ನು ವರದಿಗಳ ಗುಡ್ಡೆ. ಸಮಿತಿಗಳು ಇದನ್ನು ನೋಡುವುದೇ ಇಲ್ಲ, ಅದು ನನಗೆ ನಿಜವಾಗಿ ಬೇಸರದ ವಿಷಯ. ಮೋಡವಿಲ್ಲದ ದಿನ ನೆಲಕ್ಕೆ ಎಷ್ಟು ಬಿಸಿಲು ಬೀಳುತ್ತದೆ ಅಂತ ಲೆಕ್ಕ ಹಾಕುವ ಬರ್ಡ್ ಮತ್ತು ಹಲ್ಸ್ಟ್ರಾಮ್ ಅವರ ಮಾದರಿಯನ್ನು ಇವತ್ತಿಗೂ ವಿದ್ಯಾರ್ಥಿಗಳು ಬಳಸುತ್ತಾರೆ. ಅದು ಬಂದದ್ದು ಜರ್ನಲ್‌ನಲ್ಲಿ ಅಲ್ಲ, 1981ರ ಒಂದು ಸರ್ಕಾರಿ ಪ್ರಯೋಗಾಲಯದ ತಾಂತ್ರಿಕ ವರದಿಯಾಗಿ. ಅಮೆರಿಕದ ಸೋಲಾರ್ ಎನರ್ಜಿ ರಿಸರ್ಚ್ ಇನ್‌ಸ್ಟಿಟ್ಯೂಟ್ ಅದನ್ನು ತಂದದ್ದು, ಆ ಸಂಸ್ಥೆಯೇ 1991ರಲ್ಲಿ ಎನ್‌ಆರ್‌ಇಎಲ್ ಎಂಬ ರಾಷ್ಟ್ರೀಯ ಪ್ರಯೋಗಾಲಯ ಆಯಿತು. ಸ್ಮಾರ್ಟ್ಸ್ ಅನ್ನುವ ಇನ್ನೊಂದು ಮಾದರಿಯ ಕಥೆಯೂ ಹಾಗೇ. 1995ರಲ್ಲಿ ಫ್ಲಾರಿಡಾ ಸೋಲಾರ್ ಎನರ್ಜಿ ಸೆಂಟರ್‌ನ ವರದಿಯಾಗಿ ಬಂತು. ಸೂರ್ಯನ ಬೆಳಕು ವಾತಾವರಣವನ್ನು ದಾಟಿ ಬರುವಾಗ ಓಝೋನ್, ನೀರಾವಿ, ಧೂಳಿನ ಕಣಗಳು ಯಾವ ಬಣ್ಣವನ್ನು ಎಷ್ಟು ತಿನ್ನುತ್ತವೆ ಅನ್ನುವ ಲೆಕ್ಕ ಅದು. ಸೌರಕೋಶಗಳ ಕೆಲಸದಲ್ಲಿ ಪದೇ ಪದೇ ಬರುವ ಎಎಸ್‌ಟಿಎಂ ಜಿ173 ಎಂಬ ಪ್ರಮಾಣಿತ ಸ್ಪೆಕ್ಟ್ರಂ ಇದೇ ಮಾದರಿಯಿಂದ ಹುಟ್ಟಿತು. ವಾತಾವರಣ ವಿಜ್ಞಾನದ ಒಂದು ವರದಿ ಸೌರ ತಂತ್ರಜ್ಞಾನದ ಅಳತೆಗೋಲಾಯಿತು ನೋಡಿ. ಜರ್ನಲ್ ಮಾತ್ರ ಎಣಿಸಿದ್ದರೆ ಇವೆರಡೂ ನಿಮ್ಮ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಸಾಫ್ಟ್‌ವೇರ್‌ಗೂ ಇದೇ ಮಾತು. ಸೌರಫಲಕದಿಂದ ಎಷ್ಟು ವಿದ್ಯುತ್ ಬರುತ್ತದೆ ಅಂತ ಲೆಕ್ಕ ಹಾಕುವ ಪಿವಿಲಿಬ್ ಪೈಥಾನ್ ಬಗ್ಗೆ 2018ರಲ್ಲಿ ಬಂದ ಪೇಪರ್ ಕೆಲವೇ ಪುಟ. ಆದರೆ ಆ ಕೋಡ್ ಇಲ್ಲದೆ ಇವತ್ತು ಸೌರಫಲಕದ ಲೆಕ್ಕ ಮಾಡುವವರು ಕಡಿಮೆ. ಪೇಪರ್‌ನ ಪುಟ ಎಣಿಸಬೇಡಿ, ಕೋಡ್‌ನ ಪುಟಕ್ಕೆ ಹೋಗಿ ಕೊನೆಯ ಸಲ ಯಾವಾಗ ತಿದ್ದಿದ್ದಾರೆ ನೋಡಿ.

ಎರಡು ಮನೆ, ಎರಡು ರೂಢಿ

ಸೌರಶಕ್ತಿಯವರು ಬರೆಯುವ ಜರ್ನಲ್‌ಗಳು ಬೇರೆ: 1957ರಿಂದ ಇರುವ ‘ಸೋಲಾರ್ ಎನರ್ಜಿ’, ಆಮೇಲೆ ‘ರಿನ್ಯೂವಬಲ್ ಎನರ್ಜಿ’, ‘ಪ್ರೋಗ್ರೆಸ್ ಇನ್ ಫೋಟೋವೋಲ್ಟಾಯಿಕ್ಸ್’ ಮುಂತಾದವು. ವಾತಾವರಣದವರು ‘ಜರ್ನಲ್ ಆಫ್ ಜಿಯೋಫಿಸಿಕಲ್ ರಿಸರ್ಚ್’, ಆಗಲೇ ಹೇಳಿದ ಅಟ್ಮಾಸ್ಫೆರಿಕ್ ಕೆಮಿಸ್ಟ್ರಿ, ಅದರ ತಂಗಿಯಂಥ ‘ಅಟ್ಮಾಸ್ಫೆರಿಕ್ ಮೆಷರ್‌ಮೆಂಟ್ ಟೆಕ್ನಿಕ್ಸ್’ ಕಡೆ ಹೋಗುತ್ತಾರೆ. ಇಬ್ಬರೂ ಅಳೆಯುವುದು ಅದೇ ಬಿಸಿಲು. ಆದರೆ ಒಬ್ಬರಿಗೆ ಧೂಳು ಅಂದರೆ ನಷ್ಟ, ಇನ್ನೊಬ್ಬರಿಗೆ ಧೂಳೇ ಸಂಶೋಧನೆಯ ವಿಷಯ.

ಶೀರ್ಷಿಕೆಗಳು ಅರ್ಥವಾಗಬೇಕಾದರೆ ಮೂರು ಪದ ಗೊತ್ತಿರಬೇಕು. ಹೊರಗೆ ಬಿಸಿಲಲ್ಲಿ ನಿಂತು ಅಂಗೈ ಚಾಚಿ, ಅದರ ನೆರಳು ನಿಮ್ಮ ಮುಖದ ಮೇಲೆ ಬೀಳುವ ಹಾಗೆ ಸೂರ್ಯನನ್ನು ಮರೆ ಮಾಡಿ. ಆದರೂ ಮುಖ ಕತ್ತಲಾಗುವುದಿಲ್ಲ, ಅಲ್ವಾ? ಆಕಾಶದ ಎಲ್ಲ ಕಡೆಯಿಂದ ಚದುರಿ ಬರುವ ಆ ಬೆಳಕೇ ಡಿಎಚ್‌ಐ, ಚದುರಿದ ವಿಕಿರಣ. ಕೈ ತಡೆದದ್ದು ಡಿಎನ್‌ಐ, ಸೂರ್ಯನಿಂದ ನೇರ ಬರುವ ಕಿರಣ. ಎರಡೂ ಸೇರಿ ಸಮತಟ್ಟಾದ ನೆಲದ ಮೇಲೆ ಬೀಳುವುದು ಜಿಎಚ್‌ಐ. ಲೆಕ್ಕದಲ್ಲಿ ನೇರ ಕಿರಣವನ್ನು ಸೂರ್ಯನ ಓರೆಗೆ ತಕ್ಕಂತೆ ತಗ್ಗಿಸಿ ಚದುರಿದ್ದಕ್ಕೆ ಕೂಡಬೇಕು. ಹೆಚ್ಚಿನ ಕಡೆ ಜಿಎಚ್‌ಐ ಮಾತ್ರ ಅಳೆದಿರುತ್ತಾರೆ. ಉಳಿದೆರಡನ್ನು ಅದರಿಂದ ಊಹಿಸಬೇಕು. ಲಿಯು ಮತ್ತು ಜೋರ್ಡನ್ 1960ರಲ್ಲಿ ಬರೆದ ಪೇಪರ್ ಈ ಊಹೆಗೆ ದಾರಿ ಹಾಕಿತು, ಅದಾದ ಮೇಲೆ ಈ ವಿಷಯಕ್ಕೆ ಬಂದ ಪೇಪರ್‌ಗಳಿಗೆ ಲೆಕ್ಕವೇ ಇಲ್ಲ. ಪಟ್ಟಿಯಲ್ಲಿ ‘ಸೆಪರೇಶನ್’, ‘ಡಿಫ್ಯೂಸ್ ಫ್ರಾಕ್ಷನ್’, ‘ಟರ್ಬಿಡಿಟಿ’ (ಗಾಳಿಯ ಮಬ್ಬು), ‘ಕ್ಲಿಯರ್ ಸ್ಕೈ’ ಅನ್ನುವ ಪದಗಳು ಕಂಡರೆ ಅಲ್ಲಿ ನಿಲ್ಲಿ. ಎರಡು ಮನೆಗಳ ಮಧ್ಯದ ಬಾಗಿಲು ಅದು.

ಇಬ್ಬರಿಗೂ ಇದು ಎಷ್ಟು ಮುಖ್ಯ ಅನ್ನುವುದಕ್ಕೆ ಒಂದು ಘಟನೆ ಸಾಕು. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸಿಡಿಯಿತು. ಮೇಲಿನ ವಾತಾವರಣದಲ್ಲಿ ಗಂಧಕದ ಸೂಕ್ಷ್ಮ ಹನಿಗಳು ಹರಡಿದವು. ನೇರ ಕಿರಣ ಕಡಿಮೆಯಾಯಿತು, ಚದುರಿದ್ದು ಹೆಚ್ಚಾಯಿತು. ಕನ್ನಡಿಯಿಂದ ನೇರ ಕಿರಣ ಹಿಡಿದು ವಿದ್ಯುತ್ ಮಾಡುವ ಸ್ಥಾವರಗಳಿಗೆ ಅದು ದೊಡ್ಡ ಹೊಡೆತ. ಚದುರಿದ ಬೆಳಕನ್ನೂ ಬಳಸಿಕೊಳ್ಳುವ ಸಾಧಾರಣ ಫಲಕಗಳಿಗೆ ಅಷ್ಟಿಲ್ಲ. ಇಂಥ ಸಂಗತಿಯನ್ನು ಎರಡೂ ಭಾಷೆಯಲ್ಲಿ ಹೇಳಬಲ್ಲವರು ಕಡಿಮೆ. ಒಬ್ಬರ ಪಟ್ಟಿಯಲ್ಲಿ ಎರಡೂ ಕಡೆಯ ಜರ್ನಲ್‌ಗಳು ಇದ್ದರೆ, ಎರಡೂ ಕಡೆ ಓದುಗರು ಅವರನ್ನು ಉಲ್ಲೇಖಿಸಿದ್ದರೆ, ನನ್ನ ಲೆಕ್ಕದಲ್ಲಿ ಅದಕ್ಕೆ ತುಂಬಾ ಬೆಲೆ ಇದೆ. ಎಷ್ಟು ಜನ ಉಲ್ಲೇಖಿಸಿದರು ಅನ್ನುವುದಕ್ಕಿಂತ ಯಾವ ಯಾವ ಕಡೆಯವರು ಉಲ್ಲೇಖಿಸಿದರು ಅಂತ ನೋಡಿ. ಅತಿ ಹೆಚ್ಚು ಉಲ್ಲೇಖ ಪಡೆದ ಪೇಪರ್ ಒಂದನ್ನು ಒತ್ತಿ, ಉಲ್ಲೇಖಿಸಿದ ಮೊದಲ ಐವತ್ತು ಪೇಪರ್‌ಗಳ ಜರ್ನಲ್ ಹೆಸರು ಕಣ್ಣಾಡಿಸಿದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ವರ್ಷದ ಪ್ರಕಾರ ಜೋಡಿಸಿ ಓದಿ

ಶೀಟನ್ನು ಹಳೆಯದರಿಂದ ಹೊಸದಕ್ಕೆ ಜೋಡಿಸಿ. ಉಲ್ಲೇಖದ ಪ್ರಕಾರ ಜೋಡಿಸಿದರೆ ಕಥೆ ಕಾಣುವುದಿಲ್ಲ. ಮೊದಲ ಐದಾರು ವರ್ಷ ಉಪಕರಣದ ಬಗ್ಗೆ, ಆಮೇಲೆ ಆ ಉಪಕರಣದಿಂದ ಬಂದ ಡೇಟಾ ಬಗ್ಗೆ, ಆಮೇಲೆ ಆ ಡೇಟಾದಿಂದ ಕಟ್ಟಿದ ಮಾದರಿ, ಕೊನೆಗೆ ಆ ಮಾದರಿಯನ್ನು ಬೇರೆ ಜಾಗಗಳಲ್ಲಿ ಪರೀಕ್ಷಿಸಿದ್ದು. ಹೀಗೆ ಒಂದು ಎಳೆ ಸಿಕ್ಕರೆ ಒಳ್ಳೆಯ ಲಕ್ಷಣ. ಎಲ್ಲರಿಗೂ ಇದೇ ಕ್ರಮ ಇರಬೇಕೆಂದಿಲ್ಲ, ಎಳೆ ಇರಬೇಕು ಅಷ್ಟೆ.

ಮಧ್ಯೆ ಎರಡು ಮೂರು ವರ್ಷ ಖಾಲಿ ಇದ್ದರೆ ಗಾಬರಿಯಾಗಬೇಡಿ. ಮಾಪನ ಕೇಂದ್ರ ಹಾಕಿದವರಿಗೆ ಋತುಗಳು ಸುತ್ತಿ ಬರುವವರೆಗೆ ಬರೆಯಲು ಏನೂ ಇರುವುದಿಲ್ಲ. ನೆಲಕ್ಕೆ ಬೀಳುವ ಬಿಸಿಲು 1950ರ ದಶಕದಿಂದ 1980ರ ದಶಕದವರೆಗೆ ಹಲವು ಕಡೆ ಇಳಿದು, ಆಮೇಲೆ ಹಲವು ಕಡೆ ಮತ್ತೆ ಏರಿತು ಅನ್ನುವುದು ಗೊತ್ತಾದದ್ದು ಯಾರೋ ದಶಕಗಟ್ಟಲೆ ಸುಮ್ನೆ ಅಳೆಯುತ್ತಾ ಕೂತಿದ್ದರಿಂದ. ಆ ವರ್ಷಗಳಲ್ಲಿ ಅವರ ಪಟ್ಟಿ ತೆಳ್ಳಗೇ ಇದ್ದಿರುತ್ತದೆ.

ಹಳೆಯ ಪೇಪರನ್ನು ಅದರ ಕಾಲಕ್ಕೆ ಇಟ್ಟು ಓದಬೇಕು. ವಾತಾವರಣದ ಹೊರಗೆ ಒಂದು ಚದರ ಮೀಟರ್‌ಗೆ ಎಷ್ಟು ವ್ಯಾಟ್ ಬೀಳುತ್ತದೆ ಅನ್ನುವ ಸಂಖ್ಯೆಯನ್ನೇ ತೆಗೆದುಕೊಳ್ಳಿ. ಹಳೆಯ ಪೇಪರ್‌ಗಳಲ್ಲಿ 1367 ಇರುತ್ತದೆ, ಈಗ 1361 ಬರೆಯುತ್ತಾರೆ. ಕಾಪ್ ಮತ್ತು ಲೀನ್ 2011ರಲ್ಲಿ ಇದನ್ನು ವಿವರಿಸಿದರು: ಹಿಂದಿನ ಉಪಗ್ರಹ ಉಪಕರಣಗಳ ಒಳಗೆ ಚದುರಿದ ಬೆಳಕು ಸೇರಿಕೊಂಡು ಅಳತೆ ಸ್ವಲ್ಪ ಜಾಸ್ತಿ ಬರುತ್ತಿತ್ತು. 1990ರ ಪೇಪರ್‌ನಲ್ಲಿ 1367 ಇದ್ದರೆ ಅದು ತಪ್ಪಲ್ಲ. ಈಗಿನ ಪೇಪರ್‌ನಲ್ಲಿ ಕಾರಣವೇ ಹೇಳದೆ 1367 ಬಳಸಿದ್ದರೆ ಮಾತ್ರ ಒಂದು ಪ್ರಶ್ನೆ ಚಿಹ್ನೆ ಹಾಕಿ. ಹಳೆಯ ಕೋಡ್ ನಕಲು ಮಾಡಿಕೊಂಡಿರಬಹುದು.

ಮೂರು ಪೇಪರ್ ತೆರೆದು ಓದಿ

ಎಲ್ಲ ಓದಲು ಆಗುವುದಿಲ್ಲ. ಮೂರು ಆರಿಸಿ: ಅತಿ ಹೆಚ್ಚು ಉಲ್ಲೇಖ ಪಡೆದದ್ದು, ಅವರು ಮೊದಲ ಲೇಖಕರಾಗಿರುವ ಹಳೆಯದೊಂದು, ಈಚೆಗೆ ತಂಡದ ಜೊತೆ ಬರೆದದ್ದೊಂದು. ಮುನ್ನುಡಿ ಬಿಡಿ. ನೇರವಾಗಿ ಡೇಟಾ ಮತ್ತು ವಿಧಾನದ ಭಾಗಕ್ಕೆ ಹೋಗಿ.

ಅಲ್ಲಿ ಹುಡುಕಬೇಕಾದ್ದು ಸಣ್ಣ ಸಣ್ಣ ವಿಷಯ. ಜಿಎಚ್‌ಐ ಅಳೆಯುವ ಪೈರನೋಮೀಟರ್ ಯಾವ ದರ್ಜೆಯದ್ದು ಅಂತ ಹೇಳಿದ್ದಾರಾ? ಐಎಸ್‌ಒ 9060 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ 2018ರಿಂದ ಎ, ಬಿ, ಸಿ ಅನ್ನುತ್ತಾರೆ, ಅದಕ್ಕೆ ಮೊದಲು ‘ಸೆಕೆಂಡರಿ ಸ್ಟ್ಯಾಂಡರ್ಡ್’ ಅನ್ನುವುದೇ ಮೇಲಿನ ದರ್ಜೆಯಾಗಿತ್ತು. ಹೆಸರಲ್ಲಿ ಸೆಕೆಂಡರಿ ಇದೆ ಅಂತ ಕೀಳಾಗಿ ನೋಡಬೇಡಿ. ಕ್ಯಾಲಿಬ್ರೇಶನ್ ಯಾವಾಗ ಮಾಡಿಸಿದರು, ಗಾಜಿನ ಗುಮ್ಮಟ ಎಷ್ಟು ದಿನಕ್ಕೊಮ್ಮೆ ಒರೆಸಿದರು?

ನನಗೆ ತುಂಬಾ ಇಷ್ಟವಾದ ಪರೀಕ್ಷೆ ಒಂದಿದೆ. ರಾತ್ರಿಯ ಡೇಟಾ ಬಗ್ಗೆ ಏನಾದರೂ ಬರೆದಿದ್ದಾರಾ ನೋಡಿ. ರಾತ್ರಿ ಸೂರ್ಯ ಇರುವುದಿಲ್ಲ, ಪೈರನೋಮೀಟರ್ ಸೊನ್ನೆ ತೋರಿಸಬೇಕು. ಆದರೆ ತಿಳಿ ಆಕಾಶದ ರಾತ್ರಿಯಲ್ಲಿ ಗಾಜಿನ ಗುಮ್ಮಟ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ತಣ್ಣಗಾಗುತ್ತದೆ, ಒಳಗಿನ ಸೆನ್ಸರ್ ಅದಕ್ಕಿಂತ ಬೆಚ್ಚಗಿರುತ್ತದೆ, ಹಾಗಾಗಿ ಅಳತೆ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಕೆಲವು ವ್ಯಾಟ್ ಋಣ. ಹಗಲಲ್ಲೂ ಈ ದೋಷ ಇದ್ದೇ ಇರುತ್ತದೆ, ಆದರೆ ಬಿಸಿಲಿನ ಅಡಿ ಕಾಣುವುದಿಲ್ಲ. ಇದನ್ನು ಗಮನಿಸಿ, ತಿದ್ದಿ, ಹೇಗೆ ತಿದ್ದಿದೆವು ಅಂತ ಎರಡು ಸಾಲು ಬರೆದವರು ತಮ್ಮ ಡೇಟಾವನ್ನು ಕಣ್ಣಿಟ್ಟು ನೋಡಿದ್ದಾರೆ ಅಂತಲೇ ಅರ್ಥ. ಅದೇ ಥರ ಜಿಎಚ್‌ಐ, ಡಿಎನ್‌ಐ, ಡಿಎಚ್‌ಐ ಮೂರನ್ನೂ ಬೇರೆ ಬೇರೆ ಉಪಕರಣದಲ್ಲಿ ಅಳೆದು, ಕೂಡಿಸಿದರೆ ತಾಳೆ ಬರುತ್ತದಾ ಅಂತ ನೋಡಿದ್ದರೆ ಇನ್ನೂ ಒಳ್ಳೆಯದು.

ಆಮೇಲೆ ಫಲಿತಾಂಶದ ಕೋಷ್ಟಕ. ‘ನಮ್ಮ ಮಾದರಿಯ ಸಹಸಂಬಂಧ 0.97’ ಅಂತ ಇದ್ದರೆ ಬೆರಗಾಗಬೇಡಿ. ಸೂರ್ಯ ಬೆಳಗ್ಗೆ ಏರುತ್ತಾನೆ, ಸಂಜೆ ಇಳಿಯುತ್ತಾನೆ. ಅಳತೆಯೂ ಏರಿ ಇಳಿಯುತ್ತದೆ, ಎಂಥ ಸಾಧಾರಣ ಮಾದರಿಯೂ ಏರಿ ಇಳಿಯುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಸಹಸಂಬಂಧ ಜೋರಾಗಿ ಬಂದೇ ಬರುತ್ತದೆ. ಅದರಲ್ಲಿ ಮಾದರಿಯ ಹೆಚ್ಚುಗಾರಿಕೆ ಏನೂ ಇಲ್ಲ, ಭೂಮಿ ತಿರುಗಿದ್ದಕ್ಕೆ ಸಿಕ್ಕ ಅಂಕ ಅದು. ಸೂರ್ಯನ ಏರಿಳಿತವನ್ನು ಭಾಗಿಸಿ ತೆಗೆದುಹಾಕಿ, ಉಳಿದ ಮೋಡ ಮತ್ತು ಧೂಳಿನ ಭಾಗವನ್ನು ಮಾತ್ರ ಹೋಲಿಸಿದ್ದಾರಾ? ಸರಾಸರಿ ಎಷ್ಟು ಜಾಸ್ತಿ ಅಥವಾ ಕಡಿಮೆ ಹೇಳುತ್ತದೆ ಅನ್ನುವ ಬಯಾಸ್ ಕೊಟ್ಟಿದ್ದಾರಾ? ಮಾದರಿ ಕಟ್ಟಲು ಬಳಸದ ಬೇರೆ ಕೇಂದ್ರದ ಡೇಟಾದಲ್ಲಿ ಪರೀಕ್ಷಿಸಿದ್ದಾರಾ? ನಾಳೆಯ ಬಿಸಿಲು ಮುನ್ಸೂಚಿಸುವ ಪೇಪರ್ ಆದರೆ, ‘ಈಗ ಇರುವ ಮೋಡವೇ ಮುಂದೆಯೂ ಇರುತ್ತದೆ’ ಅನ್ನುವ ಸರಳ ಊಹೆಗಿಂತ ತಮ್ಮದು ಎಷ್ಟು ಮೇಲು ಅಂತ ತೋರಿಸಬೇಕು. ಅದಿಲ್ಲದೆ ಯಂತ್ರಕಲಿಕೆಯ ದೊಡ್ಡ ಹೆಸರು ಇಟ್ಟಿದ್ದರೆ ನಾನು ಆ ಪೇಪರನ್ನು ಪಕ್ಕಕ್ಕಿಡುತ್ತೇನೆ.

ಇಲ್ಲೇ ಒಂದು ಮಾತು. ಒಂದೇ ವಿಧಾನ, ಒಂದೇ ಕೋಷ್ಟಕ, ಊರು ಮಾತ್ರ ಬದಲು, ಹೀಗೆ ಎಂಟು ಪೇಪರ್ ಕಾಣಬಹುದು. ಆಂಗ್‌ಸ್ಟ್ರೋಮ್ ಸೂತ್ರದ ಗುಣಾಂಕಗಳನ್ನು ಊರೂರಿಗೆ ಲೆಕ್ಕ ಹಾಕುವ ಪೇಪರ್‌ಗಳು ಹೀಗೇ ಇರುತ್ತವೆ. ತಕ್ಷಣ ಹಳಿಯಬೇಡಿ. ಆ ಊರಲ್ಲಿ ನಿಜವಾಗಿ ಉಪಕರಣ ಇಟ್ಟು ಅಳೆದಿದ್ದರೆ, ಅಲ್ಲಿ ಯೋಜನೆ ಮಾಡುವವರಿಗೆ ಅದು ಬೇಕಾದ ಕೆಲಸವೇ. ಅಳತೆಯೇ ಇಲ್ಲದೆ, ಇನ್ನೊಂದು ಮಾದರಿಯಿಂದ ಬಂದ ಸಂಖ್ಯೆಗೆ ತಮ್ಮ ಸೂತ್ರ ಹೊಂದಿಸಿ ‘ತಾಳೆಯಾಯಿತು’ ಅಂದಿದ್ದರೆ ಅದರಿಂದ ಯಾರಿಗೂ ಏನೂ ಸಿಗುವುದಿಲ್ಲ.

ಪೇಪರ್ ಹಿಂತೆಗೆದುಕೊಂಡಿದ್ದಾರಾ ಅಂತಲೂ ನೋಡಿ. ಹಿಂತೆಗೆದ ಪೇಪರ್‌ಗಳನ್ನು ದಾಖಲಿಸುವ ರಿಟ್ರಾಕ್ಷನ್ ವಾಚ್‌ನ ಪಟ್ಟಿ 2023ರಿಂದ, ಡಿಒಐ ಕೊಡುವ ಕ್ರಾಸ್‌ರೆಫ್ ಸಂಸ್ಥೆಯ ಮೂಲಕ ಎಲ್ಲರಿಗೂ ಸಿಗುತ್ತದೆ. ತಿದ್ದುಪಡಿ ಬೇರೆ, ಹಿಂತೆಗೆತ ಬೇರೆ. ತಾವೇ ತಪ್ಪು ಕಂಡುಹಿಡಿದು ತಿದ್ದುಪಡಿ ಹಾಕಿದವರ ಬಗ್ಗೆ ನನ್ನ ನಂಬಿಕೆ ಹೆಚ್ಚಾಗುತ್ತದೆ.

ಸಂಖ್ಯೆಗಳಿಗೆ ಈಗ ಬರೋಣ

ಇಷ್ಟು ಆದ ಮೇಲೆ ಎಚ್-ಇಂಡೆಕ್ಸ್ ನೋಡಿದರೆ ತೊಂದರೆಯಿಲ್ಲ. ಹೋರ್ಗೆ ಹಿರ್ಶ್ ಎಂಬ ಭೌತವಿಜ್ಞಾನಿ 2005ರಲ್ಲಿ ಸೂಚಿಸಿದ್ದು ಇದು. ಕನಿಷ್ಠ ಎಚ್ ಪೇಪರ್‌ಗಳಿಗೆ ಒಂದೊಂದಕ್ಕೂ ಕನಿಷ್ಠ ಎಚ್ ಉಲ್ಲೇಖ ಇರುವಂಥ ಅತಿ ದೊಡ್ಡ ಸಂಖ್ಯೆಯೇ ಎಚ್. ಹೇಳಿದರೆ ತಲೆ ತಿರುಗುತ್ತದೆ, ಮಾಡಿ ನೋಡಿದರೆ ಸುಲಭ. ಒಬ್ಬರ ಒಂಬತ್ತು ಪೇಪರ್‌ಗಳಿಗೆ 120, 44, 30, 11, 8, 6, 5, 2, 0 ಉಲ್ಲೇಖ ಇದೆ ಅಂದುಕೊಳ್ಳಿ. ಆರನೆಯದಕ್ಕೆ 6 ಇದೆ, ಏಳನೆಯದಕ್ಕೆ 7 ಇಲ್ಲ. ಹಾಗಾಗಿ ಎಚ್ 6. ಇನ್ನೊಬ್ಬರ ಹತ್ತಿರ ಇರುವುದೇ ಆರು ಪೇಪರ್, ಪ್ರತಿಯೊಂದಕ್ಕೂ ಆರೇ ಉಲ್ಲೇಖ. ಅವರದ್ದೂ 6. ಮೊದಲನೆಯವರ 120 ಉಲ್ಲೇಖದ ಪೇಪರ್‌ನಲ್ಲಿ ಏನಿತ್ತು ಅನ್ನುವುದನ್ನು ಈ ಸಂಖ್ಯೆ ಪೂರ್ತಿ ನುಂಗಿಹಾಕಿತು. ಡೇಟಾ ಕೇಂದ್ರ ಕಟ್ಟಿದ ಒಂದು ದೊಡ್ಡ ಪೇಪರ್ ಬರೆದವರಿಗೆ ಆಗುವುದು ಇದೇ.

ವಿಮರ್ಶಾ ಪೇಪರ್‌ಗಳಿಗೆ ಉಲ್ಲೇಖ ಸಹಜವಾಗಿ ಜಾಸ್ತಿ, ಅದನ್ನು ಪ್ರತ್ಯೇಕ ಬಣ್ಣದಲ್ಲಿ ಗುರುತಿಸಿ. ‘ಪ್ರೋಗ್ರೆಸ್ ಇನ್ ಫೋಟೋವೋಲ್ಟಾಯಿಕ್ಸ್’ನಲ್ಲಿ 1993ರಿಂದ ಬರುತ್ತಿರುವ ಸೌರಕೋಶ ದಕ್ಷತೆಯ ಕೋಷ್ಟಕಗಳು ವರ್ಷಕ್ಕೆ ಎರಡು ಸಲ ಹೊಸ ಆವೃತ್ತಿಯಾಗಿ ಬರುತ್ತವೆ, ಪ್ರತಿ ಆವೃತ್ತಿಯೂ ಬೇರೆ ಪೇಪರ್. ಅದು ಎಲ್ಲರಿಗೂ ಬೇಕಾದ ಸೇವೆ, ಆದರೆ ಅದರ ಉಲ್ಲೇಖಗಳನ್ನು ಒಂದು ಹೊಸ ಸಂಶೋಧನೆಯ ಉಲ್ಲೇಖದ ಜೊತೆ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಉಲ್ಲೇಖಿಸಿದವರಲ್ಲಿ ಅವರೇ ಎಷ್ಟು ಸಲ ಇದ್ದಾರೆ ಅಂತಲೂ ನೋಡಿ. ಸ್ವಲ್ಪ ಇದ್ದೇ ಇರುತ್ತದೆ, ಹತ್ತು ವರ್ಷದ ಒಂದೇ ಕೆಲಸ ಮುಂದುವರಿಸುವವರು ತಮ್ಮ ಹಿಂದಿನ ಪೇಪರನ್ನು ಹೇಳದೆ ಹೇಗೆ ಬರೆಯುತ್ತಾರೆ?

ಹೆಸರು ಎಷ್ಟನೆಯದು ಅನ್ನುವುದರಲ್ಲೂ ಎರಡು ಮನೆಗಳ ರೂಢಿ ಬೇರೆ. ಸೌರಶಕ್ತಿಯ ಪೇಪರ್‌ಗಳಲ್ಲಿ ಮೂರು ನಾಲ್ಕು ಹೆಸರು. ವಾತಾವರಣದ ದೊಡ್ಡ ಮಾಪನ ಅಭಿಯಾನದ ಪೇಪರ್‌ನಲ್ಲಿ ಮೂವತ್ತು ನಲವತ್ತು ಹೆಸರು. ಅಲ್ಲಿ ಹದಿನೇಳನೆಯ ಹೆಸರಿನವರು ಸುಮ್ನೆ ಸೇರಿಕೊಂಡವರಿರಬಹುದು, ಅಥವಾ ಇಡೀ ಪೇಪರ್ ನಿಂತಿರುವ ಉಪಕರಣವನ್ನು ನಡೆಸಿದವರೇ ಇರಬಹುದು. ಕೊನೆಯಲ್ಲಿ ಲೇಖಕರ ಪಾತ್ರ ಅಂತ ಒಂದು ಸಣ್ಣ ಭಾಗ ಇರುತ್ತದೆ. ಈಗ ಹಲವು ಜರ್ನಲ್‌ಗಳು ಕ್ರೆಡಿಟ್ ಅನ್ನುವ 14 ಪಾತ್ರಗಳ ಪಟ್ಟಿಯ ಪ್ರಕಾರ ಬರೆಸುತ್ತವೆ. ಎರಡು ನಿಮಿಷ ಕೊಟ್ಟು ಓದಿ.

ಪಟ್ಟಿಯಲ್ಲಿ ಇಲ್ಲದ್ದು

ಕೊನೆಯ ಕೆಲಸ ಪಟ್ಟಿಯ ಹೊರಗಿನದ್ದು. ನನಗೆ ಇದೇ ಮುಖ್ಯ.

ಬಿಸಿಲು ಮತ್ತು ವಾತಾವರಣದ ಅಳತೆಗೆ ಎರಡು ದೊಡ್ಡ ಜಾಲಗಳಿವೆ. ಬಿಎಸ್‌ಆರ್‌ಎನ್ 1992ರಲ್ಲಿ ಶುರುವಾಯಿತು, ನಿಮಿಷ ನಿಮಿಷದ ವಿಕಿರಣದ ಅಳತೆ, ಈಗ ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆ ಅದರ ಸಂಗ್ರಹ ನೋಡಿಕೊಳ್ಳುತ್ತದೆ. ಇನ್ನೊಂದು ನಾಸಾದ ಏರೋನೆಟ್, ಗಾಳಿಯ ಕಣಗಳನ್ನು ಸೂರ್ಯನ ಕಿರಣದಿಂದಲೇ ಅಳೆಯುವುದು. ಅಲ್ಲಿನ ಡೇಟಾಗೆ 1.0, 1.5, 2.0 ಅಂತ ಹಂತಗಳಿವೆ: ಮೊದಲನೆಯದು ಶೋಧಿಸದ್ದು, ಎರಡನೆಯದು ಮೋಡ ತೆಗೆದದ್ದು, ಮೂರನೆಯದು ಪೂರ್ತಿ ಪರಿಶೀಲಿಸಿದ್ದು. ಒಬ್ಬರು ತಮ್ಮ ಪೇಪರ್‌ನಲ್ಲಿ ಯಾವ ಹಂತ ಬಳಸಿದೆ ಅಂತ ಹೇಳಿದ್ದಾರಾ ಅನ್ನುವುದೂ ಒಂದು ಪರೀಕ್ಷೆಯೇ. ಎರಡೂ ಜಾಲಗಳಲ್ಲಿ ಪ್ರತಿ ಕೇಂದ್ರಕ್ಕೂ ಜವಾಬ್ದಾರಿ ಹೊತ್ತವರ ಹೆಸರು ಇರುತ್ತದೆ. ನಿಮ್ಮ ಸಂಶೋಧಕರ ಹೆಸರು ಅಲ್ಲಿದೆಯಾ ಹುಡುಕಿ. ಇದ್ದರೆ ಎಷ್ಟು ವರ್ಷದ ಡೇಟಾ ಇದೆ, ಮಧ್ಯೆ ಎಷ್ಟು ತಿಂಗಳು ಖಾಲಿ ಇದೆ ಅಂತ ನೋಡಿ. ಡೇಟಾವನ್ನು ಪ್ಯಾಂಜಿಯಾ ಅಥವಾ ಜೆನೊಡೊ ಥರದ ಡೇಟಾ ಭಂಡಾರಗಳಲ್ಲಿ ಇಟ್ಟು ಡಿಒಐ ಪಡೆದಿದ್ದರೆ ಅದನ್ನೂ ಶೀಟಿಗೆ ಸೇರಿಸಿ.

ಆಮೇಲೆ ಗೂಗಲ್ ಸ್ಕಾಲರ್‌ಗೆ ಹೋಗಿ ಅವರ ಪೂರ್ತಿ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಲೇಖಕ ಅಂತ ಅಲ್ಲ, ಸಾಮಾನ್ಯ ಪದದ ಥರ ಹುಡುಕಿ. ಅವರು ಬರೆಯದ ಪೇಪರ್‌ಗಳೂ ಬರುತ್ತವೆ. ಅವನ್ನು ತೆರೆದು ಕೊನೆಯ ಪುಟದ ಕೃತಜ್ಞತೆಯ ಭಾಗ ನೋಡಿ. ‘ಈ ಕೇಂದ್ರವನ್ನು ನಡೆಸಿ ಡೇಟಾ ಕೊಟ್ಟದ್ದಕ್ಕೆ’, ‘ಉಪಕರಣ ಕ್ಯಾಲಿಬ್ರೇಟ್ ಮಾಡಿಕೊಟ್ಟದ್ದಕ್ಕೆ’, ‘ಕೋಡ್‌ನಲ್ಲಿದ್ದ ತಪ್ಪು ತೋರಿಸಿದ್ದಕ್ಕೆ’ ಅಂತ ಅವರ ಹೆಸರು ಸಿಗುತ್ತದೆ. ಯಾವ ಇಂಡೆಕ್ಸೂ ಇದನ್ನು ಎಣಿಸುವುದಿಲ್ಲ. ಶೀಟಿನಲ್ಲಿ ಕೊನೆಗೆ ಇನ್ನೊಂದು ಕಾಲಂ ಮಾಡಿ, ಇವನ್ನು ಒಂದೊಂದಾಗಿ ಬರೆದುಕೊಳ್ಳಿ.